ಕ್ರಾಫರ್ಡ್ ಮಾರ್ಕೆಟ್ ಎದುರಿನ ಸರ್ದಾರ್ ಗೃಹ

ನಮ್ಮ ಧಾರವಾಡ ಕಡೆಯ ಹಳೇ ಮಂದಿಗೆ ಮುಂಬೈ ಅಂದರೆ ಸಮುದ್ರ ಅಲ್ಲ, ಸಿನಿಮಾ ಅಲ್ಲ. ಕೋರ್ಟು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ 1956ರವರೆಗೆ ಮುಂಬೈ ಆಡಳಿತದಲ್ಲೇ ಇದ್ದವು. ಜಿಲ್ಲಾ ಕೋರ್ಟಿನಲ್ಲಿ ಸೋತವನಿಗೆ ಹಟ ಇನ್ನೂ ಉಳಿದಿದ್ದರೆ ಅಪೀಲಿಗೆ ಮುಂಬೈಗೇ ಹೋಗಬೇಕಿತ್ತು. ನಮ್ಮ ಅಜ್ಜ ಯಾರ ಬಗ್ಗೆಯಾದರೂ "ಅಂವಾ ಮುಂಬೈತನಕಾ ಹೋಗಿಬಂದಾನ" ಅಂದರೆ ಅದು ಹೊಗಳಿಕೆ ಅಲ್ಲ. ಹೊಲ ಉಳಿಸಿಕೊಳ್ಳಲು ಹೋಗಿ ಹೊಲ ಮಾರಿ ಬಂದಿದ್ದಾನೆ ಅಂತ ಅರ್ಥ.

ಹಾಗೆ ಹೋದವರು ಅಲ್ಲಿ ಉಳಿಯುತ್ತಿದ್ದದ್ದು ಎಲ್ಲಿ? ಈ ಪ್ರಶ್ನೆ ನನ್ನ ತಲೆಯಲ್ಲಿ ತುಂಬಾ ದಿನದಿಂದ ಇತ್ತು. ಕೋರ್ಟಿನ ತಾರೀಖು ಒಂದೇ ದಿನಕ್ಕೆ ಮುಗಿಯುವುದಲ್ಲ. ಊರಿನಲ್ಲಿ ನೆಂಟರಿಲ್ಲ. ಹೋಟೆಲಿಗೆ ಹೋಗೋಣ ಅಂದರೆ ಮಡಿ, ಜಾತಿ, ಭಾಷೆ, ದುಡ್ಡು ಎಲ್ಲ ಅಡ್ಡ ಬರುತ್ತವೆ. ಇತಿಹಾಸದ ಪುಸ್ತಕಗಳಲ್ಲಿ ಭಾಷಣ ಎಲ್ಲಿ ಆಯಿತು ಅಂತ ಇರುತ್ತದೆ. ಭಾಷಣ ಮಾಡಿದವರು ರಾತ್ರಿ ಎಲ್ಲಿ ಮಲಗಿದರು, ಬೆಳಗ್ಗೆ ಎಲ್ಲಿ ಸ್ನಾನ ಮಾಡಿದರು ಅಂತ ಇರುವುದಿಲ್ಲ. ನನಗೆ ಆ ಮಲಗುವ ಜಾಗದ ಮೇಲೇ ಜಾಸ್ತಿ ಕುತೂಹಲ. ಸರ್ದಾರ್ ಗೃಹ ಅನ್ನುವ ಹಳೇ ವಸತಿಗೃಹ ನೋಡಲು ಹುಬ್ಬಳ್ಳಿ–ದಾದರ್ ಗಾಡಿ ಹತ್ತಿದ್ದು ಅದಕ್ಕೇ.

ಈಗ ಇದು ಒಂದು ರಾತ್ರಿಯ ಪ್ರಯಾಣ. ಧಾರವಾಡದಲ್ಲಿ ಹತ್ತಿ, ಬೆಳಗಾವಿ ದಾಟುವಷ್ಟರಲ್ಲಿ ಊಟದ ಡಬ್ಬಿ ಬಿಚ್ಚಿ, ಮೀರಜ್‌ನಲ್ಲಿ ಚಹಾ ಕುಡಿದು ಮಲಗಿದರೆ ಘಾಟ್ ಇಳಿಯುವಾಗ ಎಚ್ಚರವಾಗುತ್ತದೆ. ಹಿಂದಿನವರಿಗೆ ಇಷ್ಟು ಸುಲಭ ಇರಲಿಲ್ಲ. ಪುಣೆಯಿಂದ ಬೆಳಗಾವಿ, ಲೋಂಡಾ ಕಡೆಗೆ ಸದರ್ನ್ ಮರಾಠಾ ರೈಲ್ವೆಯ ಹಳಿ ಬಂದದ್ದು 1890ರ ಹೊತ್ತಿಗೆ. ಅದು ಮೀಟರ್ ಗೇಜ್. ಪುಣೆಯಿಂದ ಮುಂಬೈಗೆ ಬ್ರಾಡ್ ಗೇಜ್. ಹಾಗಾಗಿ ಪುಣೆಯಲ್ಲಿ ಹಾಸಿಗೆ ಸುರುಳಿ, ಬುತ್ತಿ, ಕೋರ್ಟಿನ ಕಾಗದದ ಗಂಟು ಎಲ್ಲ ಇಳಿಸಿ ಬೇರೆ ಗಾಡಿಗೆ ಏರಿಸಬೇಕು. ಪುಣೆ–ಮೀರಜ್ ಹಳಿ ಅಗಲವಾದದ್ದು 1970ರ ದಶಕ ಶುರುವಾದ ಮೇಲೆ. ಅಲ್ಲಿಯವರೆಗೂ ಪುಣೆಯಲ್ಲಿ ಈ ಇಳಿದು ಹತ್ತುವ ಕೆಲಸ ತಪ್ಪಲಿಲ್ಲ. ಕೊನೆಗೆ ಬೋರಿಬಂದರ್ ಸ್ಟೇಷನ್ನಿನಲ್ಲಿ, ಅಂದರೆ ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ, ಇಳಿದ ಮನುಷ್ಯ ಕಣ್ಣು ಕೆಂಪಾಗಿ, ಮೈಯೆಲ್ಲ ಇದ್ದಿಲ ಮಸಿಯಾಗಿ ಮೊದಲು ಹುಡುಕುತ್ತಿದ್ದದ್ದು ಒಂದು ಬಚ್ಚಲುಮನೆ ಇರುವ ಕೋಣೆಯನ್ನೇ ಇರಬೇಕು.

ದಾದರಿನಲ್ಲಿ ನನಗಾಗಿ ಕಾದಿದ್ದವರು ನಮ್ಮ ಕುಟುಂಬಕ್ಕೆ ಬೇಕಾದ ಒಬ್ಬ ಹಿರಿಯರು. ಊರು ಕುಂದಾಪುರ ಕಡೆ. ಹುಡುಗನಾಗಿ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುವುದರಿಂದ ಶುರು ಮಾಡಿ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಗಲ್ಲಾದವರೆಗೆ ಬಂದು ನಿವೃತ್ತರಾದವರು. ಮುಂಬೈಯ ಕನ್ನಡಿಗರಲ್ಲಿ ಈ ಕಥೆ ಇರುವವರು ಎಷ್ಟೋ ಜನ. ಹಗಲು ಹೋಟೆಲು, ರಾತ್ರಿ ಶಾಲೆ, ಮಲಗುವುದು ಹೋಟೆಲಿನ ಬೆಂಚುಗಳ ಮೇಲೆಯೇ. ಅವರನ್ನು ನಾನು ಶೆಟ್ಟರು ಅಂತಲೇ ಕರೆಯುವುದು, ಇಲ್ಲೂ ಹಾಗೇ ಕರೆಯುತ್ತೇನೆ.

"ಯಾವ ಹೋಟೆಲ್ ನೋಡ್ಬೇಕು ಹೇಳಿ, ತಾಜಾ?" ಅಂದರು.

"ಇಲ್ಲ. ಸರ್ದಾರ್ ಗೃಹ."

"ಓ, ಕ್ರಾಫರ್ಡ್ ಮಾರ್ಕೆಟ್ ಎದುರು. ಅದರ ಮುಂದೆ ಸಾವಿರ ಸಲ ಓಡಾಡಿದ್ದೇನೆ. ತಲೆ ಎತ್ತಿ ನೋಡಿದ್ದು ಕಡಿಮೆ."

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಉತ್ತರಕ್ಕೆ ಡಿ.ಎನ್. ರಸ್ತೆಯಲ್ಲಿ ನಡೆದರೆ ಹತ್ತು ನಿಮಿಷದ ದಾರಿ. ಎಡಕ್ಕೆ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸಿಗುತ್ತದೆ. ಅದರಾಚೆ ಮಾರುಕಟ್ಟೆಯ ಗಡಿಯಾರ ಗೋಪುರ ಕಾಣುತ್ತದೆ. ಫುಟ್‌ಪಾತಿನ ಮೇಲೆ ಮೊಬೈಲ್ ಕವರ್, ಬೆಲ್ಟು, ಆಟಿಕೆ, ನೇಲ್ ಪಾಲಿಶ್. ನಡುವೆ ಕಾಲಿಡಲು ಜಾಗ ಹುಡುಕಬೇಕು.

ಮಾರುಕಟ್ಟೆಯ ಕಟ್ಟಡ ಮುಗಿದದ್ದು 1869ರಲ್ಲಿ. ನಕ್ಷೆ ವಿಲಿಯಂ ಎಮರ್ಸನ್ ಅವರದ್ದು. ಹೆಸರು ಮಾತ್ರ ಮುಂಬೈಯ ಮೊದಲ ಮುನ್ಸಿಪಲ್ ಕಮಿಷನರ್ ಆರ್ಥರ್ ಕ್ರಾಫರ್ಡ್ ಅವರದ್ದು. ಬಾಗಿಲ ಕಮಾನುಗಳ ಮೇಲೆ ಕಲ್ಲಿನ ಉಬ್ಬುಶಿಲ್ಪಗಳಿವೆ. ಪಕ್ಕದ ಜೆ.ಜೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಲಾಕ್‌ವುಡ್ ಕಿಪ್ಲಿಂಗ್ ಮಾಡಿದ್ದು. ಲೇಖಕ ರುಡ್ಯಾರ್ಡ್ ಕಿಪ್ಲಿಂಗ್ ಅವರ ಅಪ್ಪ. ಕೆಳಗೆ ನಿಂತು ಕತ್ತೆತ್ತಿ ನೋಡಿದೆ. ಹೊಲದಲ್ಲಿ ಕೆಲಸ ಮಾಡುವ ರೈತರು. ಮೊಣಕಾಲವರೆಗಿನ ಪಂಚೆ, ಬರಿ ಮೈ, ತಲೆಗೆ ಸುತ್ತಿದ ಬಟ್ಟೆ. ದೇವರು, ರಾಜರು, ರಾಣಿ ಯಾರೂ ಇಲ್ಲ. ಬ್ರಿಟಿಷರು ಕಟ್ಟಿದ ಇಷ್ಟು ದೊಡ್ಡ ಕಟ್ಟಡದ ಹಣೆಯ ಮೇಲೆ ನಮ್ಮ ರೈತ ಕೂತಿದ್ದಾನೆ ಅಂತ ನನಗೆ ಖುಷಿಯಾಯಿತು. ಕೆಳಗೆ ತಲೆಯ ಮೇಲೆ ದೊಡ್ಡ ಬುಟ್ಟಿ ಹೊತ್ತ ಹಮಾಲನೊಬ್ಬ "ಬಾಜೂ, ಬಾಜೂ" ಅಂತ ನನ್ನನ್ನು ಪಕ್ಕಕ್ಕೆ ತಳ್ಳಿ ಹೋದ. ಅವನಿಗೆ ಶಿಲ್ಪ ನೋಡಲು ಪುರುಸೊತ್ತಿಲ್ಲ.

ಒಳಗೆ ಹಣ್ಣಿನ ಸಾಲು ಚೆನ್ನಾಗಿದೆ. ಸೇಬು, ದಾಳಿಂಬೆ, ಹುಲ್ಲಿನ ಮೇಲೆ ಜೋಡಿಸಿದ ಮಾವು. ವ್ಯಾಪಾರಿ ಒಂದು ಹೋಳು ಕೊಯ್ದು ಕೈಗೇ ಇಡುತ್ತಾನೆ, ಆಮೇಲೆ ಕೊಳ್ಳದೆ ಬರುವುದು ಕಷ್ಟ. ಸಾಕುಪ್ರಾಣಿ ಮಾರುವ ಕಡೆ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ, ಪಂಜರಗಳನ್ನು ನೋಡಲಾಗುವುದಿಲ್ಲ. ಈ ಮಾರುಕಟ್ಟೆಗೆ ಈಗ ಮಹಾತ್ಮಾ ಜ್ಯೋತಿಬಾ ಫುಲೆ ಮಂಡಯಿ ಅಂತ ಹೆಸರು. ಬೋರ್ಡು ಹಾಗೇ ಹೇಳುತ್ತದೆ. ಟ್ಯಾಕ್ಸಿಯವನಿಗೆ ಮಾತ್ರ ಕ್ರಾಫರ್ಡ್ ಅಂದರೇ ತಿಳಿಯುವುದು.

ಇಲ್ಲಿ ಕ್ರಾಫರ್ಡ್ ಸಾಹೇಬರ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ರಸ್ತೆಯ ಆಚೆ ಇರುವ ವಸತಿಗೃಹಕ್ಕೂ ಅವರಿಗೂ ಒಂದು ವಿಚಿತ್ರ ನಂಟಿದೆ. ಮುಂಬೈಯಲ್ಲಿ ಮಾರುಕಟ್ಟೆ ಕಟ್ಟಿಸಿ ಹೆಸರು ಮಾಡಿದ ಇದೇ ಕ್ರಾಫರ್ಡ್ ಮುಂದೆ ಪುಣೆಯ ಕಡೆ ವಿಭಾಗೀಯ ಕಮಿಷನರ್ ಆದರು. 1888ರಲ್ಲಿ ಅವರ ಮೇಲೆ ಲಂಚದ ದೊಡ್ಡ ಪ್ರಕರಣ ಎದ್ದಿತು. ಬೇಕಾದ ಜಾಗಕ್ಕೆ ವರ್ಗ, ಬಡ್ತಿ ಬೇಕು ಅಂದರೆ ಮಾಮಲೇದಾರರು, ಅಂದರೆ ತಾಲೂಕಿನ ಕಂದಾಯ ಅಧಿಕಾರಿಗಳು, ದುಡ್ಡು ಕೊಡಬೇಕು ಅನ್ನುವುದು ಆರೋಪ. ನಿಜ ಹೇಳಿದರೆ ನಿಮಗೇನೂ ಮಾಡುವುದಿಲ್ಲ ಅಂತ ಸರ್ಕಾರ ಮಾಮಲೇದಾರರಿಗೆ ಮಾತು ಕೊಟ್ಟಿತು. ಅವರು ಬಾಯಿ ಬಿಟ್ಟರು. ಆಮೇಲೆ ಲಂಚ ಕೊಟ್ಟವರು ನೀವೇ ಅಲ್ವಾ ಅಂತ ಅವರಲ್ಲೇ ಕೆಲವರ ನೌಕರಿಗೆ ಸಂಚಕಾರ ಬಂತು. ಆಗ ಆ ಮಾಮಲೇದಾರರ ಪರವಾಗಿ ಸರ್ಕಾರದ ಮಾತು ಎಲ್ಲಿ ಹೋಯಿತು ಅಂತ ಜಗಳ ತೆಗೆದವರು ಬಾಲ ಗಂಗಾಧರ ತಿಲಕರು. ಆಗಿನ್ನೂ ಅವರಿಗೆ ಮೂವತ್ತೆರಡು, ಮೂವತ್ತಮೂರು ವಯಸ್ಸು. ಅದೇ ತಿಲಕರು ಮುಂಬೈಗೆ ಬಂದಾಗಲೆಲ್ಲ ಉಳಿದುಕೊಂಡದ್ದು, ಪೊಲೀಸರ ಕೈಗೆ ಸಿಕ್ಕಿದ್ದು, ಕೊನೆಗೆ ಉಸಿರು ಬಿಟ್ಟದ್ದು ಕ್ರಾಫರ್ಡ್ ಹೆಸರಿನ ಮಾರುಕಟ್ಟೆಯ ಎದುರಿಗೇ.

ಶೆಟ್ಟರು ಇದನ್ನು ಕೇಳಿ, "ಹಾಗಾದ್ರೆ ಬೆಳಗ್ಗೆ ಕಿಟಕಿ ತೆಗೆದ ಕೂಡಲೇ ಕ್ರಾಫರ್ಡ್ ದರ್ಶನ" ಅಂದರು.

ದಾಟಬೇಕಾದ ರಸ್ತೆಗೆ ಹಿಂದೆ ಕಾರ್ನಾಕ್ ರೋಡ್ ಅಂತ ಹೆಸರಿತ್ತು. ಈಗ ಲೋಕಮಾನ್ಯ ತಿಲಕ್ ಮಾರ್ಗ. ದಾಟುವುದು ಸುಲಭವಲ್ಲ. ಕೈಗಾಡಿ, ಬಸ್ಸು, ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡ ಸ್ಕೂಟರು. ಆಚೆ ಬದಿಯಲ್ಲಿ 1905ರಿಂದ ಇರುವ ಬಾದಶಾ ಫಲೂದಾ ಅಂಗಡಿ, ಮಂಗಲದಾಸ್ ಬಟ್ಟೆ ಮಾರುಕಟ್ಟೆ, ವಿದ್ಯುತ್ ಸಾಮಾನಿನ ಲೋಹಾರ್ ಚಾಳ್. ಇವುಗಳ ನಡುವೆ ಸರ್ದಾರ್ ಗೃಹ. ಎತ್ತರದ ಹಳೇ ಕಟ್ಟಡ. ಕೆಳಗೆ ಅಂಗಡಿಗಳು, ಮೇಲೆ ಮಹಡಿಗಳು. ಗೊತ್ತಿದ್ದವರು ತೋರಿಸದಿದ್ದರೆ ಇದೂ ಇನ್ನೊಂದು ವ್ಯಾಪಾರದ ಕಟ್ಟಡ ಅಂದುಕೊಂಡು ಮುಂದೆ ಹೋಗಬಹುದು.

ಮೆಟ್ಟಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದ ಕಾವಲುಗಾರನನ್ನು ಶೆಟ್ಟರು ಮರಾಠಿಯಲ್ಲಿ ಮಾತಾಡಿಸಿದರು. ಟಿಳಕರ ಕೋಣೆ ನೋಡಬಹುದಾ ಅಂತ. ಅವನು ತಲೆ ಅಲ್ಲಾಡಿಸಿದ. "ಇವತ್ತು ಇಲ್ಲ. ಒಂದನೇ ಆಗಸ್ಟಿಗೆ ಬನ್ನಿ, ಹಾರ ಹಾಕಲು ಜನ ಬರುತ್ತಾರೆ." ಅಷ್ಟು ಹೇಳಿ ಮತ್ತೆ ಮೊಬೈಲ್ ನೋಡಲು ಶುರು ಮಾಡಿದ. ನಾವು ಮೆಟ್ಟಿಲ ಬುಡದಲ್ಲೇ ಸ್ವಲ್ಪ ಹೊತ್ತು ನಿಂತೆವು. ಗೋಡೆಗೆ ವಿದ್ಯುತ್ ಮೀಟರುಗಳ ಸಾಲು, ಒಂದರ ಮೇಲೊಂದು ಎಳೆದ ಕೇಬಲ್ಲು, ಮೂಲೆಯಲ್ಲಿ ಮಡಚಿಟ್ಟ ರಟ್ಟಿನ ಪೆಟ್ಟಿಗೆಗಳು. ಹುಡುಗನೊಬ್ಬ ಕಟಿಂಗ್ ಚಾಯ್ ಗ್ಲಾಸುಗಳ ಸ್ಟ್ಯಾಂಡ್ ಹಿಡಿದು ಎರಡೆರಡು ಮೆಟ್ಟಿಲು ಹತ್ತಿ ಮೇಲೆ ಓಡಿದ.

ನಾವು ಹೊರಗೆ ಬಂದು ಎದುರಿಗೆ ನಿಂತು ನೋಡಿದೆವು. ಅಲ್ಲಿಂದ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಮುಂಬೈ ಪೊಲೀಸ್ ಕಮಿಷನರ್ ಕಚೇರಿ ಕೂಗಳತೆಯ ದೂರದಲ್ಲಿದೆ. 1890ರ ದಶಕದಲ್ಲಿ ಕಟ್ಟಿದ್ದು. ರಾಜದ್ರೋಹದ ಆರೋಪ ಬೆನ್ನ ಹಿಂದೆ ಇದ್ದ ಮನುಷ್ಯ ಪ್ರತಿ ಸಲ ಪೊಲೀಸ್ ಕಮಿಷನರ್ ಬಾಗಿಲ ಎದುರಿಗೇ ಬಂದು ಇಳಿದುಕೊಳ್ಳುತ್ತಿದ್ದ ಅನ್ನುವುದು ತಮಾಷೆ ಅನಿಸಿತು. ಪತ್ತೇದಾರರಿಗೆ ಟಾಂಗಾ ಖರ್ಚೂ ಉಳಿದಿರಬೇಕು.

1908ರ ಜೂನ್ 24ರ ಸಂಜೆ ಅವರಿಗೆ ದೂರ ಹೋಗುವ ಕೆಲಸವೇ ಇರಲಿಲ್ಲ. ಆ ವರ್ಷ ಏಪ್ರಿಲ್ 30ರಂದು ಮುಜಫ್ಫರ್‌ಪುರದಲ್ಲಿ ಬಾಂಬ್ ಬಿದ್ದಿತ್ತು. ಅದರ ಬಗ್ಗೆ ತಿಲಕರ 'ಕೇಸರಿ' ಪತ್ರಿಕೆಯಲ್ಲಿ ಬಂದ ಬರಹಗಳು ಸರ್ಕಾರಕ್ಕೆ ರಾಜದ್ರೋಹ ಅನಿಸಿದವು. ತಿಲಕರು ಮುಂಬೈಯಲ್ಲಿ ಇದ್ದರು, ಇದೇ ಸರ್ದಾರ್ ಗೃಹದಲ್ಲಿ. ಇಲ್ಲಿಂದಲೇ ಅವರನ್ನು ಹಿಡಿದುಕೊಂಡು ಹೋದರು. ಜಾಮೀನಿಗೆ ವಾದ ಮಾಡಿದ ವಕೀಲ ಮಹಮದಾಲಿ ಜಿನ್ನಾ. ಜಾಮೀನು ಸಿಗಲಿಲ್ಲ. ಜುಲೈ 13ರಿಂದ ಹೈಕೋರ್ಟಿನಲ್ಲಿ ವಿಚಾರಣೆ. ನ್ಯಾಯಮೂರ್ತಿ ದಾವರ್, ಒಂಬತ್ತು ಜನರ ಜ್ಯೂರಿ. ತಿಲಕರು ತಮ್ಮ ವಾದ ತಾವೇ ಮಾಡಿದರು, ದಿನಗಟ್ಟಲೆ. ಜುಲೈ 22ರ ರಾತ್ರಿ ಜ್ಯೂರಿ ಏಳಕ್ಕೆ ಎರಡರಂತೆ ತಪ್ಪಿತಸ್ಥ ಅಂದಿತು. ಆರು ವರ್ಷ ಗಡಿಪಾರು. ಮರುದಿನ ಅವರ ಹುಟ್ಟುಹಬ್ಬ.

ಗಿರಣಿ ಕೆಲಸಗಾರರು ಆರು ದಿನ ಮಗ್ಗ ನಿಲ್ಲಿಸಿದರು. ಶಿಕ್ಷೆಯ ಒಂದೊಂದು ವರ್ಷಕ್ಕೂ ಒಂದು ದಿನದಂತೆ. ಲಾಲ್‌ಬಾಗ್, ಪರೇಲ್ ಕಡೆಯ ಗಿರಣಿಗಳು ಈಗ ಮಾಲ್ ಆಗಿವೆ, ಅದು ಬೇರೆ ಕಥೆ.

ಮಂಡಾಲೆಯ ಜೈಲಿನಲ್ಲಿ ತಿಲಕರು ಗೀತೆಯ ಮೇಲೆ ಬರೆದ ದೊಡ್ಡ ಗ್ರಂಥವನ್ನು ಕನ್ನಡಕ್ಕೆ ತಂದವರು ನಮ್ಮ ಆಲೂರು ವೆಂಕಟರಾಯರು. ಆಲೂರರೂ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಕಾನೂನು ಕಲಿಯಲು ಮುಂಬೈಗೆ ಬಂದವರೇ. ಕರ್ನಾಟಕ ಏಕೀಕರಣದ ಕನಸು ಕಂಡ ಆ ತಲೆಮಾರಿನವರು ಓದಿದ್ದು, ತಿರುಗಾಡಿದ್ದು ಜಾಸ್ತಿ ಈ ಊರುಗಳಲ್ಲೇ. ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ ತಿಲಕರ ಆಪ್ತರಲ್ಲೊಬ್ಬರು. ತಿಲಕರು ಹೋಮ್ ರೂಲ್ ಲೀಗ್ ಶುರು ಮಾಡಿದ್ದೂ 1916ರ ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲೇ. ಅಲ್ಲಿ ಮತ್ತು ಅಹಮದ್‌ನಗರದಲ್ಲಿ ಮಾಡಿದ ಭಾಷಣಗಳಿಗೆ ಮತ್ತೆ ರಾಜದ್ರೋಹದ ಕೇಸು ಬಿತ್ತು. ಇಪ್ಪತ್ತು ಸಾವಿರ ರೂಪಾಯಿ ಮುಚ್ಚಳಿಕೆ ಕೊಡಿ ಅಂತ ನೋಟಿಸು. ಈ ಸಲವೂ ಜಿನ್ನಾ ವಾದ ಮಾಡಿದರು, ನವೆಂಬರಿನಲ್ಲಿ ಮುಂಬೈ ಹೈಕೋರ್ಟಿನಲ್ಲಿ ಗೆದ್ದರು. ಬೆಳಗಾವಿಯಲ್ಲಿ ಆಡಿದ ಮಾತಿಗೆ ಮುಂಬೈಯಲ್ಲಿ ತೀರ್ಪು. ನಮ್ಮ ಅಜ್ಜನ ಕಾಲದ ಹೊಲದ ವ್ಯಾಜ್ಯಗಳ ದಾರಿಯೂ ಅದೇ.

ತಿಲಕರಿಗೆ ಪುಣೆಯಲ್ಲಿ ದೊಡ್ಡ ವಾಡೆ ಇತ್ತು. ಮುಂಬೈಯಲ್ಲಿ ಮನೆ ಇರಲಿಲ್ಲ. ರಾಜಧಾನಿಯೇ ಆದರೂ ಮುಂಬೈ ಹೊರ ಊರಿನ ನಾಯಕರಿಗೆ ಬಂದು ಹೋಗುವ ಊರು. ಹಾಗಾಗಿ ಸ್ಟೇಷನ್ನಿಗೆ ಹತ್ತಿರ, ಕೋರ್ಟಿಗೆ ಟಾಂಗಾ ಸಿಗುವ, ಊಟ ಒಗ್ಗುವ ಒಂದು ವಸತಿಗೃಹವೇ ಅವರ ಮನೆ, ಕಚೇರಿ, ಸಭೆಯ ಜಾಗ ಎಲ್ಲ. ಕಾಲಾಘೋಡಾ ಹತ್ತಿರದ ವಾಟ್ಸನ್ಸ್ ಹೋಟೆಲು ಆಗಿನ ಕಾಲದ ದೊಡ್ಡ ಹೆಸರು. 1860ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಎರಕದ ಕಬ್ಬಿಣ ತರಿಸಿ ಕಟ್ಟಿದ್ದು. 1896ರ ಜುಲೈ 7ರಂದು ಲೂಮಿಯೇರ್ ಸೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲು ತೋರಿಸಿದ್ದು ಅಲ್ಲೇ. ಆದರೆ ಅದು ಬಿಳಿಯರ ಹೋಟೆಲು. ತಾಜ್ ಬಾಗಿಲು ತೆರೆದದ್ದು 1903ರ ಡಿಸೆಂಬರಿನಲ್ಲಿ. ಅದು ಭಾರತೀಯರಿಗೂ ಇತ್ತು ಸರಿ, ಆದರೆ ತಾಲೂಕಿನಿಂದ ಬಂದ ವಕೀಲನಿಗೆ, ಪೇಟೆಯ ಸಾಹುಕಾರನಿಗೆ ಅಲ್ಲಿ ಏನು ಕೆಲಸ? ಉಳಿದವರಿಗೆ ಧರ್ಮಶಾಲೆಗಳು. ಸಿ.ಪಿ. ಟ್ಯಾಂಕ್ ಹತ್ತಿರ ಮಾಧವಬಾಗ್, ಹೀರಾಬಾಗ್. ಹಜ್ ಯಾತ್ರಿಗಳಿಗೆ ಕ್ರಾಫರ್ಡ್ ಮಾರ್ಕೆಟ್ ಬಳಿಯೇ ಸಾಬೂ ಸಿದ್ದಿಕ್ ಮುಸಾಫಿರ್‌ಖಾನಾ. ಧರ್ಮಶಾಲೆಯಲ್ಲಿ ಉಳಿಯಲು ನೀನು ಯಾರವನು ಅಂತ ಹೇಳಬೇಕಾಗುತ್ತಿತ್ತು. ಸರ್ದಾರ್ ಗೃಹದಂಥ ಜಾಗಗಳು ಈ ಎರಡರ ನಡುವೆ ಹುಟ್ಟಿಕೊಂಡವು. ಸ್ವಾತಂತ್ರ್ಯ ಚಳವಳಿಯ ಅರ್ಧ ಕೆಲಸ ನಡೆದದ್ದು ಇಂಥ ಕಡೆ, ಬಾಡಿಗೆ ಕೋಣೆಯ ಮಂಚದ ಮೇಲೆ ಕೂತು ಅಂತ ನನ್ನ ನಂಬಿಕೆ.

1920ರ ಜುಲೈನಲ್ಲಿ ತಿಲಕರು ಮುಂಬೈಗೆ ಬಂದದ್ದೂ ಒಂದು ಕೇಸಿಗಾಗಿ. ತಾಯಿ ಮಹಾರಾಜ್ ಅನ್ನುವ ವಿಧವೆಯ ದತ್ತಕದ ವ್ಯಾಜ್ಯ ಇಪ್ಪತ್ತು ವರ್ಷದಿಂದ ಅವರ ಬೆನ್ನು ಬಿಟ್ಟಿರಲಿಲ್ಲ. ಸ್ನೇಹಿತರೊಬ್ಬರು ಸತ್ತಾಗ ಅವರ ಆಸ್ತಿಯ ಜವಾಬ್ದಾರಿ ಹೊತ್ತದ್ದರಿಂದ ಅಂಟಿಕೊಂಡದ್ದು. ಆ ತಿಂಗಳು ತೀರ್ಪು ಅವರ ಕಡೆಗೇ ಆಯಿತು. ಆದರೆ ಮಳೆಗಾಲದ ಮುಂಬೈಯಲ್ಲಿ ಜ್ವರ ಹಿಡಿಯಿತು. ಜುಲೈ 23ಕ್ಕೆ ಅರವತ್ತನಾಲ್ಕು ತುಂಬಿದ್ದು ಸರ್ದಾರ್ ಗೃಹದಲ್ಲೇ. ಜ್ವರ ನ್ಯುಮೋನಿಯಾಕ್ಕೆ ತಿರುಗಿತು. ಆಗಸ್ಟ್ 1ರ ಮಧ್ಯರಾತ್ರಿ ದಾಟಿ ಸ್ವಲ್ಪ ಹೊತ್ತಿಗೆ ಹೋಗಿಬಿಟ್ಟರು. ಗಾಂಧೀಜಿಯ ಅಸಹಕಾರ ಚಳವಳಿ ಶುರುವಾಗಬೇಕಿದ್ದದ್ದೂ ಅದೇ ದಿನ.

ಒಂದು ಲಾಡ್ಜಿನ ಮಾಲೀಕನ ಕಣ್ಣಿನಿಂದ ಆ ರಾತ್ರಿಯನ್ನು ಯೋಚಿಸಿ ನೋಡಿ. ಹೋಟೆಲಿನವರಿಗೆ ಅತಿಥಿ ಕೋಣೆಯಲ್ಲಿ ಸಾಯುವುದೆಂದರೆ ಭಯ. ಶೆಟ್ಟರು ಅದನ್ನೇ ಹೇಳಿದರು: "ನಮ್ಮ ಲೈನಿನಲ್ಲಿ ಯಾರಾದ್ರೂ ರೂಮಿನಲ್ಲಿ ಹೋದ್ರೆ ಹಿಂದಿನ ಬಾಗಿಲಿಂದ ಸಾಗಿಸುವುದು. ಬೇರೆ ಗಿರಾಕಿಗೆ ಗೊತ್ತಾಗಬಾರದು." ಇಲ್ಲಿ ಆದದ್ದು ಉಲ್ಟಾ. ದೇಹವನ್ನು ಜನ ನೋಡಲೆಂದು ರಸ್ತೆಗೆ ಮುಖ ಮಾಡಿದ ಬಾಲ್ಕನಿಯಲ್ಲಿ ಕೂರಿಸಿದರು. ಮಾರುಕಟ್ಟೆಯ ಎದುರಿನ ರಸ್ತೆ ಪೂರಾ ತಲೆಗಳಿಂದ ತುಂಬಿತು. ಮಳೆ ಸುರಿಯುತ್ತಿತ್ತು. ಗಾಂಧೀಜಿ ಬಂದರು, ಶೌಕತ್ ಅಲಿ ಬಂದರು, ಇಬ್ಬರೂ ಚಟ್ಟಕ್ಕೆ ಹೆಗಲು ಕೊಟ್ಟರು. ಜವಾಹರಲಾಲ್ ನೆಹರೂ ಕೂಡ ಆ ದಿನ ಮುಂಬೈಯಲ್ಲೇ ಇದ್ದು ಮೆರವಣಿಗೆಯಲ್ಲಿ ನಡೆದರು. ಪುಣೆಗೆ ಒಯ್ಯಬೇಕು ಅನ್ನುವ ಮಾತೂ ಇತ್ತು, ಆದರೆ ಮುಂಬೈ ಬಿಟ್ಟುಕೊಡಲಿಲ್ಲ. ಗಿರಗಾಂವ್ ಚೌಪಾಟಿಯ ಮರಳಿನ ಮೇಲೆ, ಎಂದೂ ಸ್ಮಶಾನವಾಗಿರದ ಜಾಗದಲ್ಲಿ, ವಿಶೇಷ ಅನುಮತಿ ತಗೊಂಡು ಸುಟ್ಟರು.

ನಾವೂ ಚೌಪಾಟಿಗೆ ಹೊರಟೆವು. ನಡೆದೇ ಹೋಗೋಣ ಅಂತ ನಾನು ಅಂದಿದ್ದೆ. ಧೋಬಿ ತಲಾವ್ ತಲುಪುವಷ್ಟರಲ್ಲಿ ಶೆಟ್ಟರ ಮೊಣಕಾಲು ಬೇಡ ಅಂದಿತು. ಮೆಟ್ರೋ ಸಿನಿಮಾ ಎದುರಿನಿಂದ ಟ್ಯಾಕ್ಸಿ ಹಿಡಿದೆವು.

ಚೌಪಾಟಿಯಲ್ಲಿ ತಿಲಕರ ಪ್ರತಿಮೆ 1933ರಲ್ಲಿ ನಿಂತದ್ದು. ಬೆನ್ನ ಹಿಂದೆ ಸಮುದ್ರ. ಹತ್ತಿರದಲ್ಲೇ ಭೇಲ್‌ಪುರಿ ಅಂಗಡಿಗಳು. ಸಾರ್ವಜನಿಕ ಗಣೇಶೋತ್ಸವಕ್ಕೆ 1893ರಲ್ಲಿ ತಿಲಕರು ಹುರುಪು ಕೊಟ್ಟರು, ಇಲ್ಲೇ ಗಿರಗಾಂವ್‌ನ ಕೇಶವಜಿ ನಾಯಕ್ ಚಾಳಿನಲ್ಲಿ ಆ ವರ್ಷ ಶುರುವಾದ ಗಣಪತಿ ಈಗಲೂ ಕೂರುತ್ತಾನೆ. ಅನಂತ ಚತುರ್ದಶಿಗೆ ಮುಂಬೈಯ ದೊಡ್ಡ ದೊಡ್ಡ ಗಣಪತಿಗಳು ಈ ಪ್ರತಿಮೆಯ ಮುಂದೆ ಹಾದು ಸಮುದ್ರ ಸೇರುತ್ತವೆ. ನಾವು ಹೋದಾಗ ಹಬ್ಬ ಏನೂ ಇರಲಿಲ್ಲ. ಬಿಸಿಲು ಮಾತ್ರ ಇತ್ತು. ಜಾಸ್ತಿ ಹೊತ್ತು ನಿಲ್ಲಲಿಲ್ಲ.

"ಊಟಕ್ಕೆ ಮಾಟುಂಗಾ" ಅಂದರು ಶೆಟ್ಟರು. ನಾನು ಅದನ್ನೇ ಕಾಯುತ್ತಿದ್ದೆ.

ಮಾಟುಂಗಾ ಮುಂಬೈಯಲ್ಲಿ ನಮ್ಮವರ ಊರು. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇಲ್ಲಿದೆ, ಕರ್ನಾಟಕ ಸಂಘ ಇಲ್ಲಿದೆ. ಹೂವಿನ ಅಂಗಡಿಯಲ್ಲಿ ತಮಿಳು, ತರಕಾರಿಯವನ ಹತ್ತಿರ ಕೊಂಕಣಿ, ಕಾಫಿ ಪುಡಿಯ ಅಂಗಡಿಯಲ್ಲಿ ಕನ್ನಡ. ಸೆಂಟ್ರಲ್ ಲೈನಿನ ಸ್ಟೇಷನ್ನಿಂದ ಇಳಿದ ಕೂಡಲೇ ಮುನ್ಸಿಪಲ್ ಮಾರುಕಟ್ಟೆಯ ಕಟ್ಟಡ. ಅದರ ಮೊದಲ ಮಹಡಿಯಲ್ಲಿ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರದ್ದು. ಅವರೂ ಕರಾವಳಿಯಿಂದ ಹುಡುಗನಾಗಿ ಬಂದು, ಅಡುಗೆಮನೆಯ ಕೆಲಸದಿಂದ ಮೇಲೆ ಬಂದವರು.

ಇಲ್ಲಿ ಮಲಗಲು ಕೋಣೆ ಇಲ್ಲ. ಊಟ ಮಾತ್ರ. ಆದರೂ ನನ್ನ ಮೊದಲಿನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ್ದು ಈ ಮಹಡಿಯ ಮೇಲೆ. ಶೆಟ್ಟರು ಸಾಲಿನಲ್ಲಿ ನಿಂತುಕೊಂಡೇ ಹೇಳಿದರು: "ನಮ್ಮ ಕಾಲದಲ್ಲಿ ಒಂಟಿ ಗಂಡಸು ಮುಂಬೈಗೆ ಬಂದ್ರೆ ಎರಡು ಕಡೆ ಮನೆ. ಮಲಗ್ಲಿಕ್ಕೆ ಒಂದು, ಊಟಕ್ಕೆ ಒಂದು. ಚಾಳಿನಲ್ಲಿ ಎಂಟು ಜನ ಸೇರಿ ಒಂದು ರೂಮು. ಅಲ್ಲಿ ಅಡುಗೆಗೆ ಜಾಗ ಎಲ್ಲಿ? ತಿಂಗಳಿಗೆ ಇಷ್ಟು ಅಂತ ಬೋರ್ಡಿಂಗಿಗೆ ಕಟ್ಟಿಬಿಡುವುದು. ಎರಡು ಹೊತ್ತು ಎಲೆ ಮುಂದೆ ಕೂತ್ರೆ ಆಯ್ತು. ಬ್ಯಾಂಕಿನವ್ರು, ರೈಲ್ವೆಯವ್ರು, ಆಫೀಸಿನ ಟೈಪಿಸ್ಟುಗಳು. ಎರಡು ದಿನ ಕಾಣದಿದ್ರೆ ಬಡಿಸುವವನೇ ಕೇಳ್ತಿದ್ದ, ಏನು ಸ್ವಾಮಿ, ಹುಷಾರಿಲ್ವಾ ಅಂತ."

"ಕೋರ್ಟಿಗೆ ಬಂದವರು?"

"ಅವರನ್ನ ನೋಡಿದ್ರೇ ಗೊತ್ತಾಗ್ತಿತ್ತು. ಕಂಕುಳಲ್ಲಿ ಕಾಗದದ ಗಂಟು. ಊಟ ಮಾಡುವಾಗಲೂ ಕೆಳಗೆ ಇಡ್ತಿರಲಿಲ್ಲ, ತೊಡೆ ಮೇಲೇ."

ನಮ್ಮ ಸರದಿ ಬಂತು. ಗಲ್ಲಾದಲ್ಲಿ ದುಡ್ಡು ಕೊಟ್ಟು ಒಳಗೆ ಹೋದರೆ ಸ್ಟೀಲ್ ಟೇಬಲ್ಲು, ಎದುರು ಬದರು ಕೂತ ಅಪರಿಚಿತರು. ಬಾಳೆಎಲೆ ಹಾಕಿ ನೀರು ಚಿಮುಕಿಸಿದರು. ಉಪ್ಪಿನಕಾಯಿ, ಎರಡು ಪಲ್ಯ, ಚಪಾತಿ, ಹಪ್ಪಳ, ಅನ್ನ, ಸಾಂಬಾರು, ಸಾರು, ಮೊಸರು. ಸಾರು ಬಡಿಸುವವನು ಬಕೆಟ್ಟನ್ನು ಎಡಗೈಗೆ ಒರಗಿಸಿ, ಸೌಟು ತಿರುಗಿಸಿ ಅನ್ನದ ಗುಂಡಿಗೇ ಸರಿಯಾಗಿ ಬಿಟ್ಟ. ಒಂದು ಹನಿ ಎಲೆಯಾಚೆ ಬೀಳಲಿಲ್ಲ. ನನ್ನ ಎಡಕ್ಕೆ ಒಬ್ಬ ಗುಜರಾತಿ ಹುಡುಗಿ ಲ್ಯಾಪ್‌ಟಾಪ್ ಚೀಲ ತೊಡೆಯ ಮೇಲಿಟ್ಟುಕೊಂಡು ಸಾರನ್ನ ಕೈಯಲ್ಲೇ ಕಲಸಿ ತಿನ್ನುತ್ತಿದ್ದಳು. ಎದುರಿಗೆ ಒಬ್ಬ ಮುದುಕರು ಯಾರ ಜೊತೆಯೂ ಮಾತಾಡದೆ ಊಟ ಮುಗಿಸಿ ಎದ್ದರು. ಬಡಿಸುವವನು ಅವರಿಗೆ ಕೇಳದೆಯೇ ಇನ್ನೊಂದು ಬಟ್ಟಲು ಮಜ್ಜಿಗೆ ತಂದಿಟ್ಟಿದ್ದ. ತಿಂಗಳ ಲೆಕ್ಕದ ಗಿರಾಕಿ ಇರಬೇಕು.

ಸಾರಿನ ರುಚಿ ಬಗ್ಗೆ ಒಂದು ಮಾತು. ಬೆಲ್ಲ ಹಾಕಿದ ಉಡುಪಿ ಸಾರು ನಮ್ಮ ಧಾರವಾಡದ ನಾಲಿಗೆಗೆ ಸ್ವಲ್ಪ ಸಿಹಿಯೇ. ನಾನು ಅದನ್ನು ಹೇಳಿದ್ದಕ್ಕೆ ಶೆಟ್ಟರು, "ನಿಮಗೆ ಖಾರದ ಚಟ್ನಿಪುಡಿ ಬೇಕು, ಅದಕ್ಕೆ ಇಲ್ಲಿ ಪರ್ಮಿಟ್ ಇಲ್ಲ" ಅಂದರು. ಆದರೂ ಎರಡನೇ ಸಲ ಹಾಕಿಸಿಕೊಂಡೆ.

ಊಟ ಮುಗಿಸಿ ಎಲೆ ಮಡಚುವಾಗ ಶೆಟ್ಟರು ಸರ್ದಾರ್ ಗೃಹದ ವಿಷಯಕ್ಕೇ ಮತ್ತೆ ಬಂದರು. ಬೆಳಗ್ಗೆಯಿಂದ ಅವರ ತಲೆಯಲ್ಲೂ ಅದೇ ಓಡುತ್ತಿತ್ತು ಅಂತ ಕಾಣುತ್ತದೆ. ನಾನು ಯೋಚಿಸದ ಒಂದು ಮಾತು ಕೇಳಿದರು: ಆ ಜುಲೈ ಪೂರ್ತಿ ತಿಲಕರಿಗೆ ಗಂಜಿ ಕಾಯಿಸಿ ಕೊಟ್ಟವರು ಯಾರು? ಡಾಕ್ಟರುಗಳು ಬಂದಿದ್ದಾರೆ, ನಾಯಕರು ಬಂದಿದ್ದಾರೆ, ಪತ್ರಿಕೆಯವರು ಬಂದಿದ್ದಾರೆ. ಅಷ್ಟು ಜನಕ್ಕೆ ಚಹಾ ಮಾಡಬೇಕು, ಬಿಸಿನೀರು ಕಾಯಿಸಬೇಕು, ರಾತ್ರಿ ಮೆಟ್ಟಿಲಿಗೆ ದೀಪ ಇಡಬೇಕು. "ಒಬ್ಬ ಪೋರ ಇರ್ತಾನೆ ನೋಡಿ ಯಾವಾಗಲೂ, ಹದಿಮೂರು ಹದಿನಾಲ್ಕು ವರ್ಷದವ. ಎಲ್ಲ ಮೆಟ್ಟಿಲೂ ಅವನೇ ಹತ್ತಿ ಇಳಿಯುವುದು" ಅಂದರು. ತಾವೂ ಆ ವಯಸ್ಸಿಗೇ ಮುಂಬೈಗೆ ಬಂದವರು, ಅದನ್ನು ಅವರು ಹೇಳಲಿಲ್ಲ.

ಕೆಳಗಿಳಿದು ಕಾಫಿ ಪುಡಿ ಕೊಂಡೆ. ಚಿಕೋರಿ ಎಷ್ಟು ಹಾಕಲಿ ಅಂತ ಅಂಗಡಿಯವರು ಕನ್ನಡದಲ್ಲೇ ಕೇಳಿದರು. ವಾಪಸ್ ಗಾಡಿ ದಾದರಿನಿಂದಲೇ, ಮಾಟುಂಗಾದಿಂದ ಒಂದೇ ಸ್ಟೇಷನ್. ಆಗಸ್ಟ್ ಒಂದಕ್ಕೆ ಮತ್ತೆ ಬನ್ನಿ, ಕಾವಲುಗಾರನ ಹತ್ತಿರ ನಾನೇ ಮೊದಲೇ ಮಾತಾಡಿಟ್ಟಿರುತ್ತೇನೆ ಅಂತ ಶೆಟ್ಟರು ಹೇಳಿದ್ದಾರೆ. ಮಳೆಗಾಲದ ಲೋಕಲ್ ಗಾಡಿಗಳನ್ನು ನೆನೆದರೆ ಸ್ವಲ್ಪ ಅಳುಕು. ಟಿಕೆಟ್ ಮಾತ್ರ ಈಗಲೇ ಮಾಡಿಸಬೇಕು, ಆ ಗಾಡಿಗೆ ವೇಟಿಂಗ್ ಲಿಸ್ಟ್ ಬೇಗ ಶುರುವಾಗುತ್ತದೆ.